ಆರನೇ ಕ್ಲಾಸಿನ ಜೂನ್

ಐದನೇ ತರಗತಿ ಮುಗಿಸಿದ ಮಗು ಬೇಸಿಗೆ ರಜೆ ಕಳೆದು ಆರಕ್ಕೆ ಬಂದು ಕೂತ ದಿನದಿಂದ, ಬಿಸಿಯೂಟದ ಅಕ್ಕ ಅದರ ಪಾಲಿಗೆ ಹೆಚ್ಚು ಅಕ್ಕಿ ಅಳೆಯಬೇಕು. ಐದರವರೆಗಿನ ಮಕ್ಕಳಿಗೆ ದಿನಕ್ಕೆ ತಲಾ 100 ಗ್ರಾಂ ಧಾನ್ಯ. ಆರರಿಂದ ಎಂಟರವರಿಗೆ 150 ಗ್ರಾಂ. ಬೇಳೆ 20 ಗ್ರಾಮಿನಿಂದ 30ಕ್ಕೆ, ತರಕಾರಿ 50ರಿಂದ 75ಕ್ಕೆ ಏರುತ್ತದೆ. ಊಟದಿಂದ 450 ಕ್ಯಾಲೊರಿ ಸಿಕ್ಕರೆ ಸಾಕಿತ್ತು, ಈಗ 700 ಬೇಕು. ವಾರಕ್ಕೊಮ್ಮೆ ನುಂಗಿಸುವ ಕಬ್ಬಿಣಾಂಶದ ಮಾತ್ರೆಯ ಬಣ್ಣವೂ ಹತ್ತು ವರ್ಷ ದಾಟಿದವರಿಗೆ ಬದಲಾಗುತ್ತದೆ: ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ. ಶಿಕ್ಷಣ ಹಕ್ಕು ಕಾಯ್ದೆ ಐದರವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು ಎನ್ನುತ್ತದೆ. ಆರರಿಂದ ಅದು 220 ದಿನ, 1000 ಗಂಟೆ. ಕಿರಿಯರ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕು, ಹಿರಿಯರದು ಮೂರು ಕಿಲೋಮೀಟರ್ ದೂರವಿದ್ದರೂ ನಡೆಯುತ್ತದೆ.

ಐದಕ್ಕೂ ಆರಕ್ಕೂ ನಡುವೆ ಒಂದು ಗಡಿ ಇದೆ ಎಂದು ಕಡತಗಳೇ ಒಪ್ಪಿಕೊಂಡಿವೆ. ಆದರೆ ಆ ಗಡಿ ದಾಟುವ ಮಗುವನ್ನು ಶಾಲೆ ಶುರುವಾಗುವ ದಿನ ಹೆಚ್ಚು ಮಂದಿ ಗಮನಿಸುವುದಿಲ್ಲ. ಮೇ ಕೊನೆಯ ವಾರದಲ್ಲಿ ಬಾಗಿಲು ತೆರೆದು, ತಳಿರು ತೋರಣ ಕಟ್ಟಿ ಪ್ರಾರಂಭೋತ್ಸವ ಮಾಡುತ್ತಾರೆ. ಹೂವು, ಬಲೂನು, ಸಿಹಿ ಎಲ್ಲವೂ ಒಂದನೇ ತರಗತಿಗೆ ಸೇರಲು ಬಂದ ಪುಟಾಣಿಗಳಿಗೆ. ಮನೆಯವರ ಆತಂಕವೆಲ್ಲ ಹತ್ತನೇ ತರಗತಿಯವರಿಗೆ. ಇವೆರಡರ ಮಧ್ಯೆ, ಹನ್ನೊಂದು ಹನ್ನೆರಡರ ಪ್ರಾಯದಲ್ಲಿ, ಕಾಲಿಗೆ ಹೋದ ವರ್ಷದ ಚಪ್ಪಲಿ ಹಿಡಿಸದೆ ನಿಂತಿರುವವರು ಆರನೇ ಕ್ಲಾಸಿನವರು. ಅವರಿಗೆ ಅದು ಮುಂದಿನ ತರಗತಿ, ಅಷ್ಟೇ ಎಂದು ನಾವು ಅಂದುಕೊಂಡಿದ್ದೇವೆ. ಅವರಿಗೆ ಅದು ಹೊಸ ಶಾಲೆ, ಎಷ್ಟೋ ಸಲ ಅದೇ ಕಟ್ಟಡದಲ್ಲಿದ್ದರೂ ಸಹ.

ಹಳೇ ಮೈಸೂರಿನವರು ಇದಕ್ಕೆ ಮಿಡ್ಲ್ ಸ್ಕೂಲು ಅನ್ನುತ್ತಿದ್ದರು. 'ನಮ್ಮದು ಮಿಡ್ಲ್ ಸ್ಕೂಲಿಗೇ ನಿಂತಿತು' ಎಂದು ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ಮುಂಬಯಿ ಕರ್ನಾಟಕದ ಕಡೆ ಏಳನೇ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಅದರಲ್ಲಿ ಪಾಸಾದವರು ಕನ್ನಡ ಸಾಲೆಯಲ್ಲಿ ಮಾಸ್ತರರಾಗಬಹುದಿತ್ತು, ಊರಲ್ಲಿ ಅವರ ಮಾತಿಗೆ ತೂಕವಿತ್ತು. ಆಗ ಮಧ್ಯದ ಈ ಕೆಲವು ವರ್ಷಗಳಿಗೆ ತನ್ನದೇ ಹೆಸರಿತ್ತು, ತನ್ನದೇ ಮರ್ಯಾದೆಯಿತ್ತು. ಈಗ ಅದು 'ಹಿರಿಯ ಪ್ರಾಥಮಿಕ'ದೊಳಗೆ ಸೇರಿ ಒಂದರಿಂದ ಏಳು, ಕೆಲವೆಡೆ ಒಂದರಿಂದ ಎಂಟು, ಒಂದೇ ಫಲಕದ ಕೆಳಗೆ ಬಂದಿದೆ. ಕಾಯ್ದೆಯ ಲೆಕ್ಕದಲ್ಲಿ ಎಂಟನೆಯದೂ ಹಿರಿಯ ಪ್ರಾಥಮಿಕವೇ. ಆದರೂ ಬಹಳಷ್ಟು ಊರುಗಳಲ್ಲಿ ಮಕ್ಕಳು ಏಳು ಮುಗಿಸಿ ಎಂಟಕ್ಕೆ ಹೈಸ್ಕೂಲಿಗೆ ಹೋಗುತ್ತಾರೆ. ಹೀಗಾಗಿ ಆರಕ್ಕೆ ಬಂದ ಮಗು ಹೊಸ ಜಾಗಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಮತ್ತೆ ಟಿ.ಸಿ. ತೆಗೆಸುವ ಹೊತ್ತು ಬಂದಿರುತ್ತದೆ.

ಆರನೇ ತರಗತಿಯಲ್ಲಿ ಎರಡು ಬಗೆಯ ಮಕ್ಕಳು ಇರುತ್ತಾರೆ. ಒಂದನೇ ಕ್ಲಾಸಿನಿಂದ ಅಲ್ಲೇ ಓದಿ ಮೇಲೆ ಬಂದವರು ಹಳಬರು. ನಲ್ಲಿ ಯಾವ ಕಡೆ, ಯಾವ ಕಿಟಕಿಯ ಚಿಲಕ ಹಾಳಾಗಿದೆ, ಯಾವ ಸರ್‌ಗೆ ಸಿಟ್ಟು ಜಾಸ್ತಿ, ಎಲ್ಲ ಅವರಿಗೆ ಗೊತ್ತು. ಸುತ್ತಲಿನ ಕೇರಿ, ಹಟ್ಟಿ, ತಾಂಡಾ, ಮಜರೆಗಳ ಕಿರಿಯ ಪ್ರಾಥಮಿಕ ಶಾಲೆಗಳಿಂದ ಐದು ಮುಗಿಸಿ ಬಂದವರು ಹೊಸಬರು. ಅಲ್ಲಿ ಒಂದೆರಡು ಕೋಣೆ, ಒಬ್ಬರೋ ಇಬ್ಬರೋ ಟೀಚರು, ಬೆರಳೆಣಿಕೆಯ ಮಕ್ಕಳು. ಅಲ್ಲಿನ ಟೀಚರಿಗೆ ಈ ಮಗುವಿನ ಅಜ್ಜಿಯ ಮಂಡಿನೋವೂ ಗೊತ್ತು, ಮನೆಯ ಎಮ್ಮೆ ಕರು ಹಾಕಿದ್ದೂ ಗೊತ್ತು. ಇಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚೆ ಮೂರ್ನಾಲ್ಕು ಜನ ಬಂದು ಹೋಗುತ್ತಾರೆ. ಒಬ್ಬರಿಗೂ ಇದರ ಹೆಸರು ಗೊತ್ತಿರುವುದಿಲ್ಲ.

ಮೊದಲ ವಾರದ ಒಂದು ಕ್ಲಾಸನ್ನು ಹತ್ತಿರದಿಂದ ನೋಡಿದರೆ ಹೊಸಬರನ್ನು ಗುರುತಿಸುವುದು ಕಷ್ಟವಲ್ಲ. ಅವರು ಬ್ಯಾಗನ್ನು ಪಕ್ಕಕ್ಕಿಡದೆ ತೊಡೆಯ ಮೇಲೆ ಇಟ್ಟುಕೊಂಡಿರುತ್ತಾರೆ. ತಮ್ಮೂರಿನಿಂದ ಬಂದ ಇಬ್ಬರು ಮೂವರು ಒಂದೇ ಸಾಲಿನಲ್ಲಿ ಒತ್ತಿ ಕೂತಿರುತ್ತಾರೆ. ಗಂಟೆ ಹೊಡೆದು ಒಬ್ಬ ಟೀಚರ್ ಹೊರಗೆ ಹೋದ ಕೂಡಲೇ ಇವರೂ ಎದ್ದು ನಿಲ್ಲುತ್ತಾರೆ. ಶಾಲೆ ಬಿಟ್ಟಿತೋ, ಆಟಕ್ಕೆ ಬಿಟ್ಟರೋ ತಿಳಿಯದೆ ಹಳಬರ ಮುಖ ನೋಡುತ್ತಾರೆ. ಪೀರಿಯಡ್ ಎಂದರೆ ಏನು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಐದನೇ ತರಗತಿಯವರೆಗೆ ಲೆಕ್ಕ ಮುಗಿದ ಮೇಲೆ ಕನ್ನಡ, ಕನ್ನಡ ಬೇಸರ ಬಂದರೆ ಹಾಡು. ಇಲ್ಲಿ ಗೋಡೆಗೆ ಅಂಟಿಸಿದ ವೇಳಾಪಟ್ಟಿ, ಅದರ ಮನೆಗಳಲ್ಲಿ ಟೀಚರುಗಳ ಹೆಸರಿನ ಮೊದಲಕ್ಷರ, ಎಂಟು ಗೆರೆ ಅಡ್ಡ, ಆರು ಗೆರೆ ಉದ್ದ. ಹಳಬರೂ ಅದನ್ನು ಓದಲು ಒದ್ದಾಡುತ್ತಾರೆ.

ಈ ಮಕ್ಕಳು ಜೂನಿನಲ್ಲಿ ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಪಾಠದ ಬಗೆಗಿನದಲ್ಲ. 'ಮಿಸ್, ಇದನ್ನ ಯಾವ ಬುಕ್ಕಲ್ಲಿ ಬರೀಬೇಕು?' ಕನ್ನಡಕ್ಕೊಂದು, ಕಾಪಿಗೊಂದು, ಇಂಗ್ಲಿಷಿಗೆ ನಾಲ್ಕು ಗೆರೆಯದು, ಲೆಕ್ಕಕ್ಕೆ ಎರಡು, ವಿಜ್ಞಾನಕ್ಕೆ ಬಲಗಡೆ ಬರೆಯುವ ಹಾಳೆ ಎಡಗಡೆ ಚಿತ್ರದ ಹಾಳೆ. ಸಮಾಜದ ನೋಟ್ಸನ್ನು ವಿಜ್ಞಾನದ ಪುಸ್ತಕದಲ್ಲಿ ಬರೆದು ಬೈಸಿಕೊಂಡು, ಆ ಹಾಳೆಯನ್ನು ಹರಿಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಕಣ್ಣಲ್ಲಿ ನೀರು ತಂದುಕೊಂಡ ಹುಡುಗಿಯನ್ನು ನಾನು ಕಂಡಿದ್ದೇನೆ. ದಡ್ಡತನದ ಮಾತೇ ಅಲ್ಲ ಅದು. ಹೋದ ವರ್ಷದವರೆಗೆ ಅವಳಿಗೆ ವಿಜ್ಞಾನ, ಸಮಾಜ ಎಂದು ಎರಡು ಇರಲೇ ಇಲ್ಲ. ಕೆರೆ, ಪಂಚಾಯಿತಿ, ಬೀಜ ಮೊಳೆಯುವುದು, ನಕಾಶೆ ಎಲ್ಲವೂ 'ಪರಿಸರ ಅಧ್ಯಯನ' ಎಂಬ ಒಂದೇ ಪುಸ್ತಕದಲ್ಲಿದ್ದವು. ಆರರಲ್ಲಿ ಅದೇ ಕೆರೆ ಇಬ್ಬರು ಟೀಚರುಗಳ ನಡುವೆ ಹಂಚಿಹೋಗುತ್ತದೆ.

ಲೆಕ್ಕದಲ್ಲಿ ಆಗುವ ಬದಲಾವಣೆ ಇದಕ್ಕಿಂತ ಆಳದ್ದು. ಅಲ್ಲಿಯವರೆಗೆ ಸಂಖ್ಯೆ ಎಂದರೆ ಎಣಿಸಬಹುದಾದದ್ದು. ಮೂರರಿಂದ ಐದನ್ನು ಕಳೆಯಲು ಬರುವುದಿಲ್ಲ ಎಂದು ಐದು ವರ್ಷ ಹೇಳಿಕೊಟ್ಟ ಶಾಲೆಯೇ ಆರನೇ ತರಗತಿಯಲ್ಲಿ ಪೂರ್ಣಾಂಕಗಳ ಪಾಠ ತೆಗೆದು, ಬರುತ್ತದೆ, ಉತ್ತರ ಋಣ ಎರಡು ಎನ್ನುತ್ತದೆ. ಅದೇ ವರ್ಷ ಬೀಜಗಣಿತವೂ ಬಂದು, ಸಂಖ್ಯೆಯ ಜಾಗದಲ್ಲಿ ಅಕ್ಷರ ಕೂರುತ್ತದೆ. ಕಣ್ಣಿಗೆ ಕಾಣದ್ದನ್ನು ಹಿಡಿದು ಯೋಚಿಸುವ ಶಕ್ತಿ ಹನ್ನೊಂದು ಹನ್ನೆರಡರ ಸುಮಾರಿಗೆ ಮೂಡಲು ಶುರುವಾಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಹೇಳಿದ್ದು ಪಠ್ಯಪುಸ್ತಕ ಬರೆಯುವವರಿಗೆಲ್ಲ ಗೊತ್ತು. ಆದರೆ ಅದು ಎಲ್ಲರಲ್ಲೂ ಜೂನ್ ಒಂದಕ್ಕೇ ಮೂಡುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬನಿಗೆ ಆಗಲೇ ಬಂದಿರುತ್ತದೆ, ಇನ್ನೊಬ್ಬನಿಗೆ ಬರುವ ವರ್ಷ ಬರುತ್ತದೆ. 'ನಂಗೆ ಲೆಕ್ಕ ಬರಲ್ಲ' ಎಂಬ ತೀರ್ಮಾನ ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗುವುದು ಬಹುಪಾಲು ಈ ಹೊತ್ತಿನಲ್ಲೇ. ಆಮೇಲೆ ಅದನ್ನು ಕರಗಿಸುವುದು ಹೈಸ್ಕೂಲಿನ ಮೇಷ್ಟ್ರ ಕೈಲೂ ಆಗುವುದಿಲ್ಲ.

ಹಿಂದಿ ಶುರುವಾಗುವುದೂ ಆರರಿಂದಲೇ. ಮೂರನೇ ಭಾಷೆ ಬೇಕೋ ಬೇಡವೋ ಎಂಬ ಚರ್ಚೆ ರಾಜ್ಯದಲ್ಲಿ ನಡೆದೇ ಇದೆ, ಅದು ಬೇರೆಯೇ ಲೇಖನ. ಇಲ್ಲಿ ಹೇಳಬೇಕಾದ್ದು ಒಂದೇ: ಆ ಪೀರಿಯಡ್ಡಿನಲ್ಲಿ ಹಳಬ, ಹೊಸಬ, ಜಾಣ, ಹಿಂದುಳಿದವ ಎಲ್ಲರೂ ಅ ಆ ಇ ಈಯಿಂದಲೇ ಹೊರಡುತ್ತಾರೆ. ಇಂಗ್ಲಿಷಿನಲ್ಲಿ ಬಾಯಿ ಬಿಡದ ಹುಡುಗ ಹಿಂದಿಯಲ್ಲಿ ಮೊದಲು ಕೈ ಎತ್ತಿದ್ದನ್ನು ಎಷ್ಟೋ ಶಿಕ್ಷಕರು ಹೇಳುತ್ತಾರೆ. ಎಲ್ಲರೂ ಒಂದೇ ಗೆರೆಯಿಂದ ಓಡುವ ಅವಕಾಶ ಆರನೇ ತರಗತಿಯಲ್ಲಿ ಬೇರೆಲ್ಲೂ ಇಲ್ಲ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಜಾಕ್ವೆಲಿನ್ ಎಕಲ್ಸ್ ಮತ್ತು ಅವರ ಸಂಗಡಿಗರು ಈ ವಯಸ್ಸಿನವರನ್ನೇ ಹಿಡಿದು ಅಧ್ಯಯನ ನಡೆಸಿದರು. ಚಿಕ್ಕ ಶಾಲೆಯಿಂದ ಮಧ್ಯದ ಶಾಲೆಗೆ ಬಂದ ಮಕ್ಕಳಿಗೆ ಓದಿನ ಹುಮ್ಮಸ್ಸು ಯಾಕೆ ಇಳಿಯುತ್ತದೆ ಎಂಬುದು ಅವರ ಪ್ರಶ್ನೆ. ಎಲ್ಲರೂ ದೇಹದ ಬೆಳವಣಿಗೆಯ ಕಡೆ ಬೆರಳು ತೋರಿಸುತ್ತಿದ್ದಾಗ ಅವರು ಶಾಲೆಯ ಕಡೆಗೂ ತೋರಿಸಿದರು. 1993ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರ ಇಷ್ಟು. ಈ ವಯಸ್ಸಿಗೆ ಮಗು ತನ್ನ ವಿಷಯದಲ್ಲಿ ತಾನೂ ಒಂದು ಮಾತು ಹೇಳಬೇಕು ಎಂದು ಬಯಸುತ್ತದೆ. ಶಾಲೆ ಅದೇ ಹೊತ್ತಿಗೆ ಬಿಗಿ ಹೆಚ್ಚಿಸುತ್ತದೆ. ಮಗುವಿಗೆ ಮನೆಯಾಚೆಯ ಒಬ್ಬ ಹಿರಿಯರ ನಂಟು ಬೇಕಾಗಿರುತ್ತದೆ. ಅದೇ ಹೊತ್ತಿಗೆ ಒಬ್ಬ ಟೀಚರ ಬದಲು ಐದಾರು ಜನ ಬಂದು, ಯಾರೂ ಪೂರ್ತಿ ತನ್ನವರಾಗದೆ ಹೋಗುತ್ತಾರೆ. ತನ್ನನ್ನು ಇನ್ನೊಬ್ಬರೊಂದಿಗೆ ಹೋಲಿಸಿ ನೋಡಿಕೊಂಡು ಕುಗ್ಗುವ ವಯಸ್ಸಿನಲ್ಲೇ ಅಂಕದ ಹೋಲಿಕೆಯೂ ಜೋರಾಗುತ್ತದೆ. ಅಮೆರಿಕದ ಶಾಲೆ ಬೇರೆ, ನಮ್ಮದು ಬೇರೆ. ಆದರೆ ಈ ಮಾತುಗಳನ್ನು ನಮ್ಮ ಹೋಬಳಿ ಕೇಂದ್ರದ ಶಾಲೆಯ ಆರನೇ ಕೋಣೆಯಲ್ಲಿ ನಿಂತು ಓದಿದರೆ ಅಪರಿಚಿತ ಅನ್ನಿಸುವುದಿಲ್ಲ.

ನಮ್ಮಲ್ಲಿ ಇದಕ್ಕೆ ಉಪಾಯ ಇಲ್ಲವೆಂದಲ್ಲ. ಸೇತುಬಂಧ ಎಂಬ ಒಳ್ಳೆಯ ಏರ್ಪಾಡು ವರ್ಷಗಳಿಂದ ಇದೆ. ಹೊಸ ಪಾಠ ತೆಗೆಯುವ ಮುಂಚೆ ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ಪೂರ್ವ ಪರೀಕ್ಷೆ ಮಾಡಿ, ಬಿಟ್ಟುಹೋದದ್ದನ್ನು ಕೆಲವು ವಾರ ಕಲಿಸಿ, ಸಾಫಲ್ಯ ಪರೀಕ್ಷೆ ಮಾಡಿ ಮುಂದೆ ಹೋಗಬೇಕು. ಮನಸ್ಸಿಟ್ಟು ಮಾಡಿದರೆ ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಜೂನ್ ತಿಂಗಳಲ್ಲಿ ಶಿಕ್ಷಕರ ಕೈ ಯಾವುದರಲ್ಲಿ ಸಿಕ್ಕಿಕೊಂಡಿರುತ್ತದೆ ಎಂದು ನೋಡಿ. ಪ್ರತಿ ಮಗುವಿನ ವಿವರ ವಿದ್ಯಾರ್ಥಿ ಟ್ರ್ಯಾಕಿಂಗ್ ತಂತ್ರಾಂಶಕ್ಕೆ ಹತ್ತಬೇಕು. ಆಧಾರಿನಲ್ಲಿ ಒಂದು ಹೆಸರು, ಟಿ.ಸಿ.ಯಲ್ಲಿ ಇನ್ನೊಂದು ಇದ್ದರೆ ತಾಯಿ ತಂದೆಯನ್ನು ಕರೆಸಬೇಕು. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು, ಅದಕ್ಕೆ ನಾಡಕಚೇರಿಗೆ ಓಡಬೇಕು. ಪಠ್ಯಪುಸ್ತಕ, ಸಮವಸ್ತ್ರ ತಂದು ಹಂಚಿ ಸಹಿ ಪಡೆಯಬೇಕು. ದಾಖಲಾತಿ ಆಂದೋಲನಕ್ಕೆ ಮನೆಮನೆ ತಿರುಗಬೇಕು. ಅಕ್ಕಿ, ಬೇಳೆ, ಹಾಲಿನಪುಡಿ, ಮೊಟ್ಟೆಯ ಲೆಕ್ಕವಂತೂ ದಿನವೂ ಇದ್ದದ್ದೇ. ಇದರ ಮೇಲೆ ವಿಷಯ ಶಿಕ್ಷಕರ ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರು ಬರುವವರೆಗೆ ಕಾಯಬೇಕು. ಅವರ ನೇಮಕದ ಆದೇಶ ತಡವಾದಷ್ಟು ದಿನ ಮಕ್ಕಳಿಗೆ ಗಣಿತವೋ ವಿಜ್ಞಾನವೋ ಇಲ್ಲ.

ಆರರಿಂದ ಎಂಟರವರೆಗೆ ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬರಾದರೂ ಶಿಕ್ಷಕರು ಇರಲೇಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಬರೆದಿದೆ. ಆ ಸಾಲಿಗೆ ಅರ್ಥ ಬರಬೇಕಾದರೆ ಅತಿಥಿ ಶಿಕ್ಷಕರ ಆದೇಶ ಬೇಸಿಗೆ ರಜೆಯಲ್ಲೇ ಹೊರಡಬೇಕು, ಶಾಲೆ ತೆರೆದ ದಿನ ಅವರು ಪ್ರಾರ್ಥನೆಯ ಸಾಲಿನಲ್ಲಿ ನಿಂತಿರಬೇಕು. ಜುಲೈಯಲ್ಲಿ ಬರುವ ಶಿಕ್ಷಕರು ಎಷ್ಟೇ ಒಳ್ಳೆಯವರಾಗಿರಲಿ, ಮಗು ಹೆದರಿದ ವಾರ ಅಷ್ಟು ಹೊತ್ತಿಗೆ ಕಳೆದುಹೋಗಿರುತ್ತದೆ. ದಾಖಲೆಯ ಕೆಲಸಕ್ಕೆ ಕ್ಲಸ್ಟರಿಗೆ ಒಬ್ಬ ಗುಮಾಸ್ತರನ್ನು ಜೂನ್ ಮಟ್ಟಿಗಾದರೂ ಕೊಟ್ಟರೆ ಶಿಕ್ಷಕರು ತರಗತಿಯಲ್ಲಿ ಉಳಿಯುತ್ತಾರೆ. ಇದು ದೊಡ್ಡ ಖರ್ಚಿನ ಬಾಬತ್ತೂ ಅಲ್ಲ.

ಇಷ್ಟೆಲ್ಲದರ ನಡುವೆಯೂ ದಾರಿ ಮಾಡಿಕೊಂಡವರಿದ್ದಾರೆ. ಬಯಲುಸೀಮೆಯ ಒಂದು ಶಾಲೆಯ ಟೀಚರೊಬ್ಬರು ಆರನೇ ತರಗತಿಗೆ ಮೊದಲ ವಾರ ಪುಸ್ತಕವನ್ನೇ ತೆಗೆಸುವುದಿಲ್ಲ. ಹಳಬರಲ್ಲಿ ಒಬ್ಬರಿಗೆ ಹೊಸಬರಲ್ಲಿ ಒಬ್ಬರನ್ನು ಜೋಡಿ ಮಾಡುತ್ತಾರೆ. ಜೋಡಿಯವರು ಶಾಲೆಯ ನಕಾಶೆ ಬರೆಯಬೇಕು: ಕೊಳಾಯಿ, ಶೌಚಾಲಯ, ಅಡುಗೆಮನೆ, ಹೆಡ್‌ಮಾಸ್ಟರ ಕೋಣೆ, ಮಳೆ ಬಂದರೆ ಸೋರುವ ಜಾಗ ಕೂಡ. ಆಮೇಲೆ ಹೊಸಬರು ತಮ್ಮ ಹಟ್ಟಿಯ ನಕಾಶೆ ಬರೆದು ಹಳಬರಿಗೆ ವಿವರಿಸಬೇಕು. ಸಮಾಜ ವಿಜ್ಞಾನದ ನಕಾಶೆ ಪಾಠ ಅರ್ಧ ಅಲ್ಲೇ ಆಗಿಹೋಗುತ್ತದೆ. ನೋಟ್‌ಬುಕ್ಕುಗಳಿಗೆ ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣದ ಕಾಗದದ ಚೂರು ಅಂಟಿಸುತ್ತಾರೆ, ವೇಳಾಪಟ್ಟಿಯ ಮನೆಗೂ ಅದೇ ಬಣ್ಣ ಬಳಿಯುತ್ತಾರೆ. ಪೀರಿಯಡ್ ಮುಗಿಯುವ ಮುಂಚೆ ಬರುವ ಟೀಚರಿಗೆ ಇಬ್ಬರು ಮಕ್ಕಳ ಹೆಸರು ಹೇಳಿ ಹೋಗುತ್ತಾರೆ, 'ಇವತ್ತು ಇವರಿಬ್ಬರನ್ನು ಮಾತಾಡಿಸಿ' ಎಂದು. ಯಾವ ಸುತ್ತೋಲೆಯೂ ಇದನ್ನು ಹೇಳಿಲ್ಲ. ಹೆಸರು ಹಿಡಿದು ಕರೆಸಿಕೊಂಡ ಮಗು ಬ್ಯಾಗನ್ನು ತೊಡೆಯಿಂದ ಇಳಿಸುತ್ತದೆ ಎಂಬುದು ಅವರ ಅನುಭವ.

ಶಾಲಾ ಸಂಸತ್ತಿನ ಚುನಾವಣೆಯೂ ಈ ದಿನಗಳಲ್ಲೇ ಬರುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ, ಎಣಿಕೆ, ಪ್ರಮಾಣವಚನ. ಕೆಲವೆಡೆ ಮೊಬೈಲನ್ನೇ ಮತಯಂತ್ರ ಮಾಡುತ್ತಾರೆ. ಮುಖ್ಯಮಂತ್ರಿ, ಆಹಾರ ಮಂತ್ರಿ, ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ಜೊತೆಗೆ ಪ್ರತಿಪಕ್ಷದ ನಾಯಕ. ಬಹಳಷ್ಟು ಶಾಲೆಗಳಲ್ಲಿ ಫೋಟೊ ತೆಗೆದು ಮೇಲಕ್ಕೆ ಕಳಿಸುವುದರೊಂದಿಗೆ ಇದು ಮುಗಿಯುತ್ತದೆ. ಮುಗಿಯಬಾರದು. ಎಕಲ್ಸ್ ಹೇಳಿದ 'ನನ್ನ ಮಾತಿಗೂ ಬೆಲೆಯಿದೆ' ಎಂಬ ಹಸಿವಿಗೆ ನಮ್ಮ ಶಾಲೆಯಲ್ಲಿ ಆಗಲೇ ಸಿದ್ಧವಿರುವ ಉತ್ತರ ಇದು. ಆಹಾರ ಮಂತ್ರಿ ದಿನವೂ ಊಟ ಬಡಿಸುವ ಮುಂಚೆ ರುಚಿ ನೋಡಲಿ, ಇಂದು ಉಪ್ಪು ಕಡಿಮೆ ಎಂದು ಹೇಳಲಿ. ಸ್ವಚ್ಛತಾ ಮಂತ್ರಿ ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿಲ್ಲ ಎಂಬ ಚೀಟಿ ಬರೆದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಲಿ. ಪ್ರತಿ ಹಟ್ಟಿಯ ಹೊಸಬರಿಗೂ ಒಂದು ಸ್ಥಾನ ಇರಲಿ. ಸಂಸತ್ತಿನ ಮಾತಿನಿಂದ ಒಂದು ನಲ್ಲಿ ರಿಪೇರಿಯಾದರೂ ಸಾಕು, ಆ ಮಕ್ಕಳು ಶಾಲೆ ತಮ್ಮದು ಎಂದುಕೊಳ್ಳುತ್ತಾರೆ.

ಶೌಚಾಲಯದ ಮಾತನ್ನು ಸುಮ್ಮನೆ ಎತ್ತಲಿಲ್ಲ. ಹೆಣ್ಣುಮಕ್ಕಳು ಮುಟ್ಟಾಗಲು ಶುರುವಾಗುವುದು ಬಹುಪಾಲು ಆರು, ಏಳು, ಎಂಟನೇ ತರಗತಿಯ ವರ್ಷಗಳಲ್ಲಿ. ಶುಚಿ ಯೋಜನೆಯ ಪ್ಯಾಡುಗಳು ಶಾಲೆಗೆ ಬರುತ್ತವೆ. ಬಂದ ಪೆಟ್ಟಿಗೆ ಆಫೀಸು ಕೋಣೆಯ ಬೀರುವಿನಲ್ಲಿದ್ದು, ಬೀಗದ ಕೈ ಗಂಡು ಶಿಕ್ಷಕರ ಜೇಬಿನಲ್ಲಿದ್ದರೆ ಹನ್ನೊಂದರ ಹುಡುಗಿ ಕೇಳುವುದಿಲ್ಲ, ಹೊಟ್ಟೆನೋವು ಎಂದು ಮನೆಗೆ ಹೋಗುತ್ತಾಳೆ. ಪೆಟ್ಟಿಗೆ ಎಲ್ಲಿದೆ, ಯಾರನ್ನು ಕೇಳಬೇಕು, ಬಟ್ಟೆ ಕಲೆಯಾದರೆ ಏನು ಮಾಡಬೇಕು ಎಂದು ಮೊದಲ ವಾರವೇ ಒಬ್ಬ ಟೀಚರ್ ಹುಡುಗಿಯರನ್ನು ಕೂರಿಸಿಕೊಂಡು ಹೇಳಬೇಕು. ಮೊದಲ ಸಲ ಆದ ಮೇಲೆ ಹೇಳಿದರೆ ತಡವಾಗಿರುತ್ತದೆ.

ಇನ್ನು ಆ ಮೂರು ಕಿಲೋಮೀಟರ್. ಬಯಲುಸೀಮೆಯಲ್ಲಿ ಅದು ಬಿಸಿಲು, ನಾಯಿ, ಮರಳು ತುಂಬಿದ ಟಿಪ್ಪರ್. ಮಲೆನಾಡು, ಕರಾವಳಿಯಲ್ಲಿ ಶಾಲೆ ಶುರುವಾಗುವುದಕ್ಕೂ ಮುಂಗಾರು ಕಾಲಿಡುವುದಕ್ಕೂ ಸರಿಹೋಗುತ್ತದೆ. ತುಂಬಿದ ಹಳ್ಳ, ಅದರ ಮೇಲೆ ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕ, ಕೈಯಲ್ಲಿ ಕೊಡೆ, ಬೆನ್ನಲ್ಲಿ ಚೀಲ. ಐದರವರೆಗೆ ಊರೊಳಗೇ ಇದ್ದ ಶಾಲೆಗೆ ಓಡಿ ಹೋಗುತ್ತಿದ್ದ ಮಗುವನ್ನು ಈಗ ಸಂಕದವರೆಗೆ ಬಿಡಲು ಮನೆಯವರು ಬರಬೇಕು. ಜೋರು ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಆ ರಜೆ ಘೋಷಣೆಯಾಗುವ ಹೊತ್ತಿಗೆ ದೂರದ ಮನೆಯ ಮಗು ಅರ್ಧ ದಾರಿಯಲ್ಲಿರುತ್ತದೆ. 2006-07ರಲ್ಲಿ ಶುರುವಾದ ಸೈಕಲ್ ಯೋಜನೆ ಎಂಟನೇ ತರಗತಿಯ ಎಷ್ಟೋ ಹುಡುಗಿಯರನ್ನು ಹೈಸ್ಕೂಲಿಗೆ ತಲುಪಿಸಿತು. ಕೋವಿಡ್ ಬಂದಾಗ ಅದು ನಿಂತಿತು. ನಡೆಯುತ್ತಿದ್ದಾಗಲೂ ಅದು ಕೊಟ್ಟದ್ದು ಎಂಟಕ್ಕೆ. ನಡಿಗೆ ಉದ್ದವಾಗುವುದು ಆರಕ್ಕೆ. ಯೋಜನೆಯನ್ನು ಮತ್ತೆ ತರುವವರು ಈ ಎರಡು ವರ್ಷದ ಅಂತರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗೆಳೆಯರು ಚದುರುವುದೂ ಇದೇ ಹೊತ್ತಿನಲ್ಲಿ. ನವೋದಯಕ್ಕೆ ಆಯ್ಕೆ ಆರನೇ ತರಗತಿಗೆ, ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ, ಆದರ್ಶ ವಿದ್ಯಾಲಯಗಳಿಗೂ ಪ್ರವೇಶ ಆರರಿಂದಲೇ. ಆಯ್ಕೆಯ ಪಟ್ಟಿ ಸುತ್ತು ಸುತ್ತಾಗಿ ಬರುವುದರಿಂದ, ಜೂನಿನಲ್ಲಿ ಪಕ್ಕ ಕೂತವನು ಜುಲೈಯಲ್ಲಿ ಟ್ರಂಕು ಹೊತ್ತು ಹೊರಟಿರುತ್ತಾನೆ. ಹೋದವನ ಬಗ್ಗೆ ಊರೆಲ್ಲ ಮಾತಾಡುತ್ತದೆ. ಉಳಿದವನು ಅದೇ ಪರೀಕ್ಷೆ ಬರೆದು ಸೀಟು ಸಿಗದವನು ಎಂಬುದನ್ನು ಯಾರೂ ನೆನೆಯುವುದಿಲ್ಲ. ಹನ್ನೊಂದರ ಪ್ರಾಯಕ್ಕೆ ಅದು ಮೊದಲ ಸೋಲು. ಇಂಥ ಮಕ್ಕಳ ಎದುರು 'ಅವನ ಹಾಗೆ ಓದಿದ್ದರೆ' ಎನ್ನದಿರುವುದು ಮನೆಯವರು ಮಾಡಬಹುದಾದ ಮೊದಲ ಉಪಕಾರ. ಸಂಜೆ ಮನೆಗೆ ಬಂದ ಕೂಡಲೇ ಹೋಂವರ್ಕ್ ಕೇಳುವ ಬದಲು ಇವತ್ತು ಯಾರ ಜೊತೆ ಊಟಕ್ಕೆ ಕೂತೆ, ಯಾವ ಟೀಚರ್ ಮಾತಾಡಿಸಿದರು ಎಂದು ಕೇಳಿದರೆ ಶಾಲೆಯ ನಿಜವಾದ ಸುದ್ದಿ ಹೊರಗೆ ಬರುತ್ತದೆ.

ಕಲ್ಯಾಣ ಕರ್ನಾಟಕದಲ್ಲಿ ಜೂನಿಗೆ ಬಾರದ ಮಕ್ಕಳೇ ಇದ್ದಾರೆ. ಗುಳೆ ಹೋದ ತಾಯಿ ತಂದೆಯೊಂದಿಗೆ ಬೆಂಗಳೂರಿನ ಕಟ್ಟಡದ ಷೆಡ್ಡಿನಲ್ಲೋ ಪುಣೆಯಲ್ಲೋ ಇದ್ದು, ಬಿತ್ತನೆಗೆ ಮಳೆಯಾಯಿತು ಎಂಬ ಫೋನು ಬಂದ ಮೇಲೆ ಊರಿಗೆ ಮರಳುತ್ತಾರೆ. ಬಂದ ಮೇಲೂ ಬಿತ್ತನೆ, ಕಳೆ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು. ಮಳೆಗಾಲ ಮುಂದುವರಿದಂತೆ ಬೀಜೋತ್ಪಾದನೆಯ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ. ಮೊಗ್ಗು ಬಿಡಿಸಿ ಪರಾಗ ಮುಟ್ಟಿಸುವ ಆ ಕೆಲಸಕ್ಕೆ ಸಣ್ಣ ಬೆರಳುಗಳನ್ನೇ ಹುಡುಕುತ್ತಾರೆ. ಇಂಥ ಮಗು ಶಾಲೆಗೆ ಬಂದಾಗ ಸೇತುಬಂಧ ಮುಗಿದಿರುತ್ತದೆ, ಬೆಂಚಿನ ಜೋಡಿಗಳು ಆಗಿಹೋಗಿರುತ್ತವೆ, ಮೊದಲ ಕಿರುಪರೀಕ್ಷೆಯ ಅಂಕ ಗೋಡೆಗೆ ಹತ್ತಿರುತ್ತದೆ. ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಉದ್ದಕ್ಕೆ ಗೈರು.

ಎಷ್ಟು ತಡವಾಗಿ ಬಂದರೂ ಆ ಮಗುವಿಗೆ ಶಾಲೆ ಶುರುವಾಗುವುದು ಬಂದ ದಿನವೇ. ಉಳಿದವರಿಗೆ ಜೂನಿನಲ್ಲಿ ಕೊಟ್ಟ ವಾರವನ್ನು ಈ ಮಗುವಿಗೆ ಆಗಸ್ಟಿನಲ್ಲಾದರೂ ಕೊಡಬೇಕು: ಒಬ್ಬ ಜೋಡಿ, ಬಣ್ಣದ ಚೀಟಿ ಅಂಟಿಸಿದ ನೋಟ್‌ಬುಕ್ಕುಗಳು, ಪೂರ್ವ ಪರೀಕ್ಷೆ, ಆ ಒಂದು ಮಗುವಿಗಾಗಿ ಮತ್ತೊಮ್ಮೆ ಸೇತುಬಂಧ. ತಂತ್ರಾಂಶದಲ್ಲಿ ಅದಕ್ಕೊಂದು ಕಾಲಂ ಇಲ್ಲದಿದ್ದರೆ ಸೇರಿಸಬೇಕು. ಅಷ್ಟರವರೆಗೆ ಹೆಡ್‌ಮಾಸ್ಟರರು ತಮ್ಮ ಡೈರಿಯಲ್ಲೇ ತಡವಾಗಿ ಬಂದವರ ಒಂದು ಪಟ್ಟಿ ಇಟ್ಟು, ಪ್ರತಿ ಶನಿವಾರ ಶಿಕ್ಷಕರ ಎದುರು ಅದನ್ನು ಓದಬಹುದು.